ಬೋಣಿಯ ಗಿರಾಕಿ

ಒಂದು ಪಾಲು ಬಂಗಡೆಗೆ ಮುನ್ನೂರು ರೂಪಾಯಿ ಕೊಟ್ಟೆ. ಪಾಲು ಎಂದರೆ ಗುಡ್ಡೆ ಹಾಕಿಟ್ಟ ಐದಾರು ಮೀನು, ಅಷ್ಟೇ. ಮಳೆ ಹಿಂದೆಗೆದು ದೋಣಿಗಳೆಲ್ಲ ಕಡಲಿಗಿಳಿದ ಕಾಲ. ಬಂಗಡೆ ಬುಟ್ಟಿ ಬುಟ್ಟಿ ಬರುತ್ತಿತ್ತು, ನೂರಕ್ಕೆ ಕೇಳಿದರೂ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಅದರ ಮೇಲೆ ಭಟ್ಕಳದಿಂದ ಕುಮಟೆಗೆ ಹೋಗಿ ಬರುವ ಬಸ್ ಚಾರ್ಜು, ಅರ್ಧ ದಿನ ಅಂಗಡಿ ಮುಚ್ಚಿದ ನಷ್ಟ. ಭಟ್ಕಳದಲ್ಲಿ ಮೀನು ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತದೆ, ನಮ್ಮ ಬಾಡಿಗೆ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಪ್ಲಾಸ್ಟಿಕ್ ಬಕೆಟ್ಟು, ಮಗ್ಗು, ಕುರ್ಚಿ ಮಾರಿ ಬದುಕುವವ ನಾನು. ಕೊಳ್ಳುವಾಗ ನಾಲ್ಕಾಣೆಯನ್ನೂ ಸುಮ್ಮನೆ ಬಿಟ್ಟವನಲ್ಲ. ಆದರೆ ಆ ಬಂಗಡೆ ಮಾರುತ್ತಿದ್ದವರು ನನ್ನ ಅತ್ತೆ. ಅವರು ನನ್ನೊಡನೆ ಮಾತಾಡುತ್ತಿರಲಿಲ್ಲ, ತಮ್ಮ ಮಗಳೊಡನೆಯೂ ಮಾತಾಡುತ್ತಿರಲಿಲ್ಲ.

ನಾನು ಹಳದೀಪುರದವ. ಗದ್ದೆ, ನಾಲ್ಕು ತೆಂಗಿನ ಮರ ಇರುವ ಮನೆ. ಹೆಂಡತಿ ಅಘನಾಶಿನಿಯವಳು, ಕಡಲನ್ನು ನಂಬಿದ ಮನೆಯವಳು. ಕುಮಟೆಯಲ್ಲಿ ನಾನು ಬಟ್ಟೆ ಅಂಗಡಿಯಲ್ಲಿದ್ದಾಗ ಅವಳು ಎದುರಿನ ಝೆರಾಕ್ಸ್ ಅಂಗಡಿಯಲ್ಲಿದ್ದಳು. ಜಾತಿ ಬೇರೆ. ಎರಡೂ ಮನೆಯಲ್ಲಿ ಬೇಡವೆಂದರು, ನಾವು ರಿಜಿಸ್ಟರ್ ಮದುವೆಯಾಗಿ ಭಟ್ಕಳಕ್ಕೆ ಬಂದೆವು. ನಕ್ಷೆಯಲ್ಲಿ ನೋಡಿದರೆ ನಗು ಬರಬೇಕು. ಭಟ್ಕಳ, ಹಳದೀಪುರ, ಕುಮಟೆ, ಮೂರಕ್ಕೂ ಒಂದೇ ಹೆದ್ದಾರಿ, ಒಂದೇ ಬಸ್ಸು, ಎರಡು ಗಂಟೆ ಕೂಡ ಬೇಡ. ದುಬೈಗೆ ಹೋದವರು ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆ. ನಮಗೆ ಅದೂ ಇರಲಿಲ್ಲ. ಬಸ್ಸು ಹಳದೀಪುರದಲ್ಲಿ ನಿಂತಾಗ ನಾನು ಕಿಟಕಿಯ ಕಡೆ ನೋಡದೆ ಮೊಬೈಲು ನೋಡುತ್ತಾ ಕೂರುತ್ತಿದ್ದೆ. ಅಪ್ಪ ಬರಬೇಡ ಎಂದಿದ್ದರು. ಅತ್ತೆಗೆ ಫೋನ್ ಮಾಡಿದರೆ ದನಿ ಕೇಳಿದ ಕೂಡಲೇ ಕಟ್ ಮಾಡುತ್ತಿದ್ದರು.

ನಮ್ಮ ಮನೆ ಎಂದರೆ ಒಂದು ದೊಡ್ಡ ಮನೆಯ ಹಿಂಬದಿಯ ಎರಡು ಕೋಣೆ. ಮಾಲೀಕರು ವಯಸ್ಸಾದ ನವಾಯತ ಮುಸ್ಲಿಂ ಹೆಂಗಸು, ಒಳ್ಳೆಯವರು. ಅವರ ಮಾತು ನನ್ನ ಹೆಂಡತಿಯ ಕೊಂಕಣಿಗೆ ಹತ್ತಿರ, ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಅದರಿಂದ ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಆದದ್ದು ತಿರುಗುಮುರುಗು. ಆಯಿ ಬಾಯಲ್ಲಿ ಕೇಳಬೇಕಾದ ಶಬ್ದ ಬೇರೆಯವರ ಬಾಯಲ್ಲಿ, ಸ್ವಲ್ಪ ಬೇರೆ ಥರ ಕೇಳಿದರೆ ಇನ್ನಷ್ಟು ಬೇಜಾರಾಗ್ತದೆ ಎಂದಳು. ಬೆಳಿಗ್ಗೆ ನಾನು ಅಂಗಡಿಗೆ ಹೋದರೆ ಸಂಜೆ ಬರುವ ತನಕ ಅವಳು ಒಬ್ಬಳೇ. ಮಳೆಗಾಲದ ಜೋರು ಮುಗಿದು ಬಿಸಿಲು ಸುಡತೊಡಗಿತ್ತು. ಮಧ್ಯಾಹ್ನ ಊಟಕ್ಕೆ ಬಂದರೆ ಅವಳು ಹಿಂಬಾಗಿಲಲ್ಲಿ ಕೂತು ಒಣಗಿದ ಬಟ್ಟೆಯನ್ನು ಮಡಿಸುತ್ತಿರುತ್ತಿದ್ದಳು, ಒಮ್ಮೊಮ್ಮೆ ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ಇದಕ್ಕೆ ಏನಾದರೂ ಮಾಡಬೇಕೆಂದು ಯೋಚಿಸಿದೆ. ವ್ಯಾಪಾರಿಯ ತಲೆ ವ್ಯಾಪಾರದ ದಾರಿಯನ್ನೇ ಹುಡುಕುತ್ತದೆ. ಅತ್ತೆ ಸಂತೆಯ ದಿನ ಕುಮಟೆಯ ಮೀನು ಪೇಟೆಯಲ್ಲಿ ಕೂರುತ್ತಾರೆ. ಪೇಟೆಯಲ್ಲಿ ಒಂದು ಕಟ್ಟಳೆಯಿದೆ: ದಿನದ ಮೊದಲ ವ್ಯಾಪಾರ ಬೋಣಿ, ಬೋಣಿಯ ಗಿರಾಕಿಯನ್ನು ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ, ಕಳಿಸಿದರೆ ಆ ದಿನ ಕೆಟ್ಟಿತು ಎಂದೇ ಲೆಕ್ಕ. ಮನೆಗೆ ಹೋದ ಅಳಿಯನಿಗೆ ಬಾಗಿಲು ಹಾಕಬಹುದು. ಎಲ್ಲರಿಗಿಂತ ಮೊದಲು ಬುಟ್ಟಿಯ ಮುಂದೆ ನಿಂತ ಗಿರಾಕಿಗೆ ಎಂತ ಮಾಡುತ್ತಾರೆ?

ಭಟ್ಕಳದಿಂದ ಮೊದಲ ಬಸ್ಸು ಹಿಡಿದೆ. ಅತ್ತೆ ಅಘನಾಶಿನಿಯ ಟೆಂಪೋದಿಂದ ಇಳಿದು, ಬುಟ್ಟಿ ಇಳಿಸಿ, ನೀರು ಚಿಮುಕಿಸಿ, ಪಾಲು ಹಾಕುವಷ್ಟರಲ್ಲಿ ನಾನು ಎದುರಿಗಿದ್ದೆ. ಅವರು ತಲೆ ಎತ್ತಿದರು, ಮತ್ತೆ ತಗ್ಗಿಸಿದರು. ಪಕ್ಕದಲ್ಲಿ ಸಿಗಡಿ ಮಾರುವ ಮುದುಕಿಯೊಬ್ಬಳು ಕೂರುತ್ತಾಳೆ, ಬಾಯಿ ಜೋರು. ಅತ್ತೆ ದರವನ್ನು ನನಗೆ ಹೇಳಲಿಲ್ಲ, ಆ ಮುದುಕಿಗೆ ಹೇಳಿದರು. ಗಿರಾಕಿಗೆ ಮುನ್ನೂರು ಎಂದು ತಿಳಿಸಬೇಕಂತೆ. ನಾನು ಕೊಟ್ಟೆ. ಅವರು ಅಭ್ಯಾಸದಂತೆ ನೋಟನ್ನು ಕಣ್ಣಿಗೊತ್ತಿಕೊಂಡರು, ಒತ್ತಿಕೊಂಡ ಮೇಲೆ ಯಾರ ದುಡ್ಡೆಂದು ನೆನಪಾಗಿ ಸೆರಗಿನ ಗಂಟಿಗೆ ಬೇಗ ತುರುಕಿದರು.

ಮುಂದಿನ ವಾರ ನನಗೆ ಬುದ್ಧಿ ಬಂತು. ಕೇಳಿದಷ್ಟು ಕೊಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ನೂರು ಎಂದೆ. ನೂರಾ ಹತ್ತು ಎಂದೆ. ಮೀನು ನಿನ್ನೆಯದಲ್ಲವೇ ಎಂದೆ. ಈ ಮಾತು ತಾಗಿತು. ಕಿವಿರು ಎತ್ತಿ ತೋರಿಸಿ, ಈ ಕೆಂಪು ನಿನ್ನೆಯದಾ ಎಂದು ನನ್ನನ್ನೇ ಕೇಳಿದರು. ಬಕೆಟ್ಟು ಮಾರುವವರಿಗೆ ಮೀನು ತಿಳಿಯುವುದಿಲ್ಲ ಎಂದೂ ಸೇರಿಸಿದರು. ನಾನು ಬಕೆಟ್ಟು ಮಾರುವುದು ಅವರಿಗೆ ಗೊತ್ತಿತ್ತು! ಬಹಳ ಹೊತ್ತು ಎಳೆದಾಡಿ ಕೊನೆಗೆ ಮುನ್ನೂರನ್ನೇ ಕೊಟ್ಟೆ. ಸಿಗಡಿಯ ಮುದುಕಿಗೆ ತಡೆಯಲಾಗಲಿಲ್ಲ.

"ಭಟ್ಕಳದ ಕಡಲು ಬತ್ತಿ ಹೋಯ್ತು ಕಾಣ್ತದೆ," ಎಂದಳು. "ಪಾಪ, ಇಷ್ಟು ದೂರ ಬರ್ತಾರೆ."

ಮೀನನ್ನು ಮಂಜುಗಡ್ಡೆಯಲ್ಲಿಟ್ಟು, ಕಂಡಕ್ಟರನ ಬೈಗುಳ ಕೇಳಿ, ಮಧ್ಯಾಹ್ನಕ್ಕೆ ಮನೆಗೆ ತರುತ್ತಿದ್ದೆ. ಹೆಂಡತಿ ಚೀಲ ಬಿಚ್ಚುವ ಮೊದಲೇ ಕೇಳುತ್ತಿದ್ದಳು, ಆಯಿ ಎಂತ ಹೇಳಿದ್ಳು ಎಂದು. ನಾನು ಎಲ್ಲ ಚೌಕಾಶಿಯನ್ನೂ ಒಂದೊಂದಾಗಿ ಹೇಳುತ್ತಿದ್ದೆ. ಅವಳು ಕೇಳುತ್ತಿದ್ದುದು ಬೇರೆ. ಮೊಣಕಾಲು ನೋವು ಹೇಗಿದೆ, ಕೂತು ಏಳುವಾಗ ಕೈ ಊರ್ತಾಳಾ, ಯಾವ ಸೀರೆ ಉಟ್ಟಿದ್ದಳು. ನನಗೆ ಒಂದೂ ಗೊತ್ತಿರುತ್ತಿರಲಿಲ್ಲ. ಮೂರನೆಯ ವಾರ ಅವಳು ಮೀನನ್ನು ತೊಳೆಯುತ್ತಾ, ನನ್ನ ಕಡೆ ತಿರುಗದೆ ಹೇಳಿದಳು.

"ನೀವು ದರ ತರ್ತೀರಿ. ಆಯಿಯನ್ನು ತರೂದಿಲ್ಲ."



ನವರಾತ್ರಿ ಬಂತು. ನಮ್ಮ ಕಡೆ ಆಗ ಹೊಸ ಭತ್ತದ ತೆನೆಯನ್ನು ಮನೆಗೆ ತರುವುದುಂಟು. ಹಿರಿಯರು ಗದ್ದೆಯಿಂದ ತೆನೆ ಹೊತ್ತು ಬರುತ್ತಾರೆ, ಮನೆಯವರೆಲ್ಲ ದೀಪ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ, ಆಮೇಲೆ ಬಾಗಿಲಿಗೆ, ಕಂಬಕ್ಕೆ, ಭತ್ತದ ಕಣಜಕ್ಕೆ ಕಟ್ಟುತ್ತಾರೆ. ನಮಗೆ ಗದ್ದೆಯಿಲ್ಲ, ಕಣಜವಿಲ್ಲ. ಆದರೂ ಸೈಕಲ್ಲಿನಲ್ಲಿ ಮುಟ್ಟಳ್ಳಿಗೆ ಹೋಗಿ, ಗದ್ದೆಯ ಬದುವಿನಲ್ಲಿ ನಿಂತಿದ್ದ ಒಬ್ಬರನ್ನು ಒಂದು ಹಿಡಿ ತೆನೆ ಕೇಳಿದೆ. ಎಷ್ಟಾಯಿತು ಎಂದು ಕಿಸೆಗೆ ಕೈ ಹಾಕಿದಾಗ ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ತೆನೆಗೆ ಯಾರಾದರೂ ದುಡ್ಡು ತಗೊಳ್ತಾರಾ, ನಿಮ್ಮದು ಯಾವೂರು ಎಂದು ಕೇಳಿದರು. ಹಳದೀಪುರ ಎಂದೆ. ಅಲ್ಲಿ ಗದ್ದೆ ಇಲ್ಲವಾ ಎಂದರು. ಉಂಟು ಎಂದು ಸೈಕಲ್ ತಿರುಗಿಸಿದೆ.

ಮನೆಗೆ ಬಂದರೆ ಇನ್ನೊಂದು ತೊಂದರೆ. ನಾವು ಇದ್ದದ್ದೇ ಇಬ್ಬರು. ತೆನೆ ಹಿಡಿದು ನಾನು ಹೊರಗೆ ನಿಂತೆ, ದೀಪ ಹಿಡಿದು ಅವಳು ಒಳಗೆ ನಿಂತಳು. ಎರಡೂ ಕಡೆ ಬೇರೆ ಯಾರೂ ಇಲ್ಲ. ಮುಂದೆ ಎಂತ ಹೇಳಬೇಕೆಂದು ಅವಳಿಗೆ ಗೊತ್ತಿಲ್ಲ, ಅವರದು ಗದ್ದೆಯ ಮನೆಯಲ್ಲ. ನಮ್ಮಲ್ಲಿ ಅದನ್ನೆಲ್ಲ ಅಮ್ಮ ಹೇಳುತ್ತಿದ್ದಳು, ನಾನು ಎಂದೂ ಕಿವಿಗೊಟ್ಟಿರಲಿಲ್ಲ. ಹಾಗೇ ಒಳಗೆ ಬಂದು, ಬಾಗಿಲ ಚಿಲಕಕ್ಕೆ ತೆನೆ ಕಟ್ಟಿದೆ. ಅವಳು ದೀಪ ಕೆಳಗಿಟ್ಟು, ಮುಂದಿನ ಸಂತೆಗೆ ತಾನೂ ಬರುತ್ತೇನೆ ಎಂದಳು. ಬೇಡ, ಎಲ್ಲರೆದುರು ಮರ್ಯಾದೆ ಹೋದೀತು ಎಂದೆ. ಹೋಗಲಿ ಎಂದಳು.

ಬಸ್ಸು ಹೊನ್ನಾವರದ ಸೇತುವೆ ದಾಟಿತು. ಕೆಳಗೆ ಹೊಳೆ ತಿಳಿಯಾಗಿತ್ತು. ಕುಮಟೆಯ ಪೇಟೆಯಲ್ಲಿ ನನ್ನನ್ನು ಹಿಂದೆ ನಿಲ್ಲಿಸಿ ತಾನೇ ಬುಟ್ಟಿಯ ಮುಂದೆ ಹೋದಳು. ಬೋಣಿ ಇನ್ನೂ ಆಗಿರಲಿಲ್ಲ. ಗಿರಾಕಿಯ ಹಾಗೆ ಕುಕ್ಕರಗಾಲಲ್ಲಿ ಕೂತು, ನೋಟು ಕೈಯಲ್ಲಿ ಹಿಡಿದು, ಪಾಲಿಗೆ ಎಷ್ಟು ಎಂದು ಕೇಳಿದಳು. ಅತ್ತೆ ಆ ನೋಟನ್ನು ನೋಡಿದರು, ಮಗಳ ಮುಖ ನೋಡಲಿಲ್ಲ. ಆಮೇಲೆ ಕೊಂಕಣಿಯಲ್ಲಿ, ದನಿ ಏರಿಸದೆ, ಹೇಳಿದರು.

"ಬುಟ್ಟಿಯ ಈಚೆ ಬಾ. ಮನೆಯವರ ದುಡ್ಡಲ್ಲಿ ಬೋಣಿ ಮಾಡ್ತಾರೇನೆ?"

ಅವಳು ಎದ್ದು ಆಚೆ ಹೋಗಿ ತಾಯಿಯ ಹಿಂದೆ ಕೂತಳು. ಅತ್ತೆ ನನ್ನತ್ತ ತಿರುಗಿದರು, ಈ ಸಲ ಕನ್ನಡದಲ್ಲಿ. "ನಿಮಗೆ ಎಂತ ಬೇಕು?"

ಒಂದು ಪಾಲು ಎಂದೆ. ಮುನ್ನೂರು ಎಂದರು. ಕೊಟ್ಟೆ. ನೋಟನ್ನು ಕಣ್ಣಿಗೊತ್ತಿಕೊಂಡು ಬೋಣಿ ಮಾಡಿದರು. ಮಗಳು ಮನೆಯವಳು, ನಾನು ಗಿರಾಕಿ. ಇಷ್ಟು ಸ್ಪಷ್ಟವಾಗಿ ಯಾವ ಕರಾರು ಪತ್ರವೂ ಹೇಳಲಾರದು. ನಾನು ಮೀನಿನ ಚೀಲ ಹಿಡಿದು ಭಟ್ಕಳದ ಬಸ್ಸಿಗೆ ಒಬ್ಬನೇ ಹತ್ತಿದೆ.

ಅವಳು ಸಂಜೆ ಬಂದಳು. ಮೊಣಕೈ ಮೇಲೆ ಮೀನಿನ ಹೊಳೆಯುವ ಹುರುಪೆ ಅಂಟಿತ್ತು. ಉಣ್ಣುವಾಗಲೂ ಮಾತು, ಪಾತ್ರೆ ತೊಳೆಯುವಾಗಲೂ ಮಾತು. ಅವಳ ತಮ್ಮ ಹೊಸ ಬಲೆ ಕೊಂಡದ್ದು, ಆಯಿ ಮೊಣಕಾಲಿಗೆ ಯಾರೋ ಕೊಟ್ಟ ಎಣ್ಣೆ ಹಚ್ಚುವುದು, ಪಕ್ಕದ ಮನೆಯ ನಾಯಿ ಮರಿ ಹಾಕಿದ್ದು. ಮದುವೆಯಾದ ಮೇಲೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅದರಲ್ಲಿ ನನ್ನ ಸುದ್ದಿ ಒಂದೂ ಇರಲಿಲ್ಲ. ನಾನು ತೊಳೆದ ಪಾತ್ರೆಗಳನ್ನು ಒರೆಸಿ ಒರೆಸಿ ಇಟ್ಟೆ.

ದೀಪಾವಳಿಗೆ ಎರಡು ದಿನ ಇರುವಾಗ ಅತ್ತೆ ತಾವಾಗಿ ಫೋನ್ ಮಾಡಿದರು. ಮಗಳು ನೀರು ತುಂಬುವ ಹಬ್ಬದ ದಿನ ಬಂದು ಮೂರು ದಿನ ಇದ್ದು ಹೋಗಬೇಕಂತೆ. ಮದುವೆಯಾದ ಮೊದಲ ದೀಪಾವಳಿಗೆ ಅಳಿಯನನ್ನು ಕರೆದು, ಎಣ್ಣೆ ಹಚ್ಚಿ, ಉಡುಗೊರೆ ಕೊಡುವುದು ಎಲ್ಲ ಮನೆಯಲ್ಲೂ ಉಂಟು. ಅವರು ಅಳಿಯನ ಮಾತೆತ್ತಲಿಲ್ಲ. ಹೆಂಡತಿ ಫೋನಿಟ್ಟು, ಕರೆದರೆ ಇಬ್ಬರನ್ನೂ ಕರೆಯಲಿ, ಇಲ್ಲದಿದ್ದರೆ ಹೋಗುವುದಿಲ್ಲ ಎಂದು ಕೂತಳು. ಹೋಗದಿದ್ದರೆ ಈಗಷ್ಟೇ ತೆರೆದ ಬಾಗಿಲು ಮತ್ತೆ ಹಾಕಿಕೊಳ್ಳುವುದು ಖಾತ್ರಿ. ಸಿಕ್ಕಿದ್ದನ್ನು ಮೊದಲು ತಗೊ, ಉಳಿದದ್ದನ್ನು ನಿಧಾನಕ್ಕೆ ಕೇಳುವ ಎಂದೆ.

"ಇದೂ ವ್ಯಾಪಾರವಾ?" ಎಂದಳು.

"ಹೌದು. ನನಗೆ ಬರೂದು ಅದೊಂದೇ."

ಅವಳು ನಗಲಿಲ್ಲ, ಆದರೆ ಚೀಲ ತುಂಬಿಸಿದಳು. ಬಸ್ಸು ಹತ್ತಿಸಿ ಬಂದೆ. ಆ ಸಂಜೆ ಅಂಗಡಿಯಿಂದ ಒಂದು ಹೊಸ ಬಕೆಟ್ಟು ತಂದು, ನೀರು ತುಂಬಿ, ಪೇಟೆಯಲ್ಲಿ ಕೊಂಡ ಹಿಂಡಲಕಾಯಿ ಎಂಬ ಪುಟ್ಟ ಕಹಿಕಾಯಿಯ ಬಳ್ಳಿಯನ್ನು ಅದರ ಕೊರಳಿಗೆ ಸುತ್ತಿದೆ. ತಾಮ್ರದ ಹಂಡೆಗೆ ಸುತ್ತುವ ಬಳ್ಳಿ ನೀಲಿ ಪ್ಲಾಸ್ಟಿಕ್ಕಿಗೆ ನಿಲ್ಲುವುದಿಲ್ಲ, ಜಾರುತ್ತದೆ. ಬೆಳಗಿನ ಜಾವ ಎದ್ದು ತಲೆಗೆ ನಾನೇ ಎಣ್ಣೆ ಹಚ್ಚಿಕೊಂಡೆ. ಬೇರೆಯವರು ಹಚ್ಚಿದರೆ ಅದು ನೆತ್ತಿಯಲ್ಲಿ ನಿಲ್ಲುತ್ತದೆ, ನಾವೇ ಹಚ್ಚಿಕೊಂಡರೆ ಕಣ್ಣಿಗಿಳಿಯುತ್ತದೆ. ಬಾಗಿಲ ಹೊರಗೆ ನರಕಾಸುರನೆಂದು ಒಂದು ಹಿಂಡಲಕಾಯಿಯನ್ನು ಹಿಮ್ಮಡಿಯಲ್ಲಿ ಮೆಟ್ಟಿ ಒಡೆದೆ. ದೂರದ ಓಣಿಯಲ್ಲಿ ಯಾರದೋ ಮಕ್ಕಳ ಪಟಾಕಿ ಕೇಳುತ್ತಿತ್ತು. ಇನ್ನೂ ಕತ್ತಲಿತ್ತು, ಮುಂದೆ ಮಾಡಬೇಕಾದ ಕೆಲಸ ಒಂದೂ ಉಳಿದಿರಲಿಲ್ಲ.

ನಿಮ್ಮದೂ ಇಂಥದೇ ಮದುವೆಯಾಗಿದ್ದರೆ ನನ್ನ ಮಾತು ಕೇಳಿ. ಎರಡೂ ಮನೆಯ ಬಾಗಿಲನ್ನು ಒಟ್ಟಿಗೆ ತಟ್ಟಬೇಡಿ. ಯಾವುದು ಮೊದಲು ಸಡಿಲವಾಗುತ್ತದೆ ಎಂದು ನೋಡಿ ಅಲ್ಲಿಂದ ಶುರು ಮಾಡಿ. ಒಬ್ಬರನ್ನೇ ಕರೆದರೆ ಒಬ್ಬರನ್ನೇ ಕಳಿಸಿ. ಕಳಿಸುವಾಗ ಕೈಯಲ್ಲಿ ಹಣ್ಣು ಕೊಡಿ, ಸೀರೆ ಗೀರೆ ಬೇಡ, ಅದು ಲಂಚದಂತೆ ಕಾಣುತ್ತದೆ. ಉಳಿದವರು ಆ ಮೂರು ದಿನ ಅಂಗಡಿ ಮುಚ್ಚಬಾರದು. ಹಬ್ಬದ ದಿನವೂ ಬಕೆಟ್ಟು ಕೇಳಿಕೊಂಡು ಯಾರಾದರೂ ಬರುತ್ತಾರೆ, ನಾಲ್ಕು ಮಾತಾದರೂ ಆಗುತ್ತದೆ. ಅಕ್ಕಿ ಒಬ್ಬರಿಗೆ ಅಳೆದು ಹಾಕಿ, ಇಬ್ಬರ ಅಳತೆ ಕೈಗೆ ಕೂತಿರುತ್ತದೆ, ಮರೆತರೆ ಮರುದಿನ ತಂಗಳು ತಿನ್ನಬೇಕಾಗುತ್ತದೆ. ದಿನಕ್ಕೆ ಒಂದೇ ಸಲ ಫೋನ್ ಮಾಡಿ. ಯಾವ ಬಸ್ಸಿಗೆ ಬರುತ್ತೀ ಎಂದು ಮಾತ್ರ ಕೇಳಬೇಡಿ, ಅವಸರ ಮಾಡಿದ ಹಾಗಾಗುತ್ತದೆ. ಮೂರನೆಯ ಸಂಜೆ ಮೊದಲೇ ಹೋಗಿ ಬಸ್ ನಿಲ್ದಾಣದಲ್ಲಿ ನಿಲ್ಲಿ. ಕುಮಟೆಯ ಕಡೆಯಿಂದ ಬರುವ ಬಸ್ಸು ಹೆಚ್ಚಾಗಿ ಹೊರಗೆ ರಸ್ತೆಯಲ್ಲೇ ಇಳಿಸಿ ಹೋಗುತ್ತದೆ, ಆ ಕಡೆ ಕಣ್ಣಿರಲಿ. ಸ್ವಾತಿ ಮಳೆಯನ್ನು ನಂಬುವ ಹಾಗಿಲ್ಲ, ಕೊಡೆ ಒಯ್ಯಿರಿ, ಇಬ್ಬರಿಗೆ ಸಾಲುವಂಥದು.