ಕೆಂಪ್ಯಾನಿಗೊಂದು ಹೊಂಡ

ಹೋದ ವರ್ಷದ ಬೇಸಿಗೆಯಲ್ಲಿ, ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮರುದಿನವೇ, ಶಹಾಬಾದದ ನಮ್ಮ ಮಾಮಾನ ಅಕ್ವೇರಿಯಂ ಅಂಗಡಿಯಲ್ಲಿ ನಾನು ಮುಖ್ಯ ಮತ್ಸ್ಯಾಧಿಕಾರಿಯಾಗಿ ಅಧಿಕಾರ ವಹಿಸಿಕೊಂಡೆ. ಹುದ್ದೆ ಕೊಟ್ಟವನು ನಾನೇ. ಮಾಮಾ ಕೊಟ್ಟದ್ದು ಒಂದು ಬಕೆಟ್, ಒಂದು ಸಣ್ಣ ಬಲೆ ಮತ್ತು ಟ್ಯಾಂಕಿನ ತಳದ ಹೊಲಸು ಎಳೆಯುವ ಪೈಪು. ಆ ಪೈಪಿಗೆ ಮೊದಲು ಬಾಯಿ ಹಚ್ಚಿ ನೀರು ಎಳೆಯಬೇಕು. ಮೊದಲ ವಾರ ನಾನು ಕುಡಿದ ಮೀನಿನ ನೀರಿನಲ್ಲಿ ಒಂದು ಕೆರೆ ತುಂಬುತ್ತಿತ್ತು. ಈಗ ಯಾವ ಮೀನಿಗೆ ಹೊಟ್ಟೆ ಕೆಟ್ಟಿದೆ ಎಂಬುದನ್ನು ನಾಲಿಗೆಯಿಂದಲೇ ಹೇಳಬಲ್ಲೆ.

ಇಂಥ ಅನುಭವಿಯ ಕೈಗೆ ಬಂದ ಒಂದು ಕೇಸನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಧ್ಯಾಹ್ನ ಗೌಂಡಿ ಭೀಮಣ್ಣ ಕಾಕಾ ಗುಂಡಗಿನ ಗಾಜಿನ ಬೌಲನ್ನು ಎರಡೂ ಕೈಯಲ್ಲಿ ಹಿಡಿದು ಅಂಗಡಿಗೆ ಬಂದರು. ನಮ್ಮ ಊರಿನ ಅರ್ಧ ಗೋಡೆಗಳನ್ನು ಕಟ್ಟಿದವರು ಅವರು. ಉಳಿದರ್ಧ ಸೊಟ್ಟಗಿವೆ ಎಂದು ಹೇಳುವವರೂ ಅವರೇ. ಬೌಲಿನಲ್ಲಿ ಒಂದು ಗೋಲ್ಡ್ ಫಿಶ್ ಇತ್ತು. ಗೇಣುದ್ದ ಆಗಬೇಕಾಗಿದ್ದ ಮೀನು ಬೆರಳುದ್ದಕ್ಕೇ ನಿಂತು, ಬೆನ್ನು ಬಾಗಿಸಿಕೊಂಡು, ಮಗ್ಗಲು ತಿರುಗುವುದಕ್ಕೂ ತನ್ನ ಬಾಲದ ಅಪ್ಪಣೆ ಕೇಳುವಂತಿತ್ತು.

"ನನ್ ಮಗಳು ಸಾವಿತ್ರಿದು. ಕೆಂಪ್ಯಾ ಅಂತ ಹೆಸರ ಇಟ್ಟಾಳ. ಸಾಲಿಗಿ ಹೋಗೂ ಮುಂದಿಂದ ಸಾಕ್ಯಾಳ. ಸೇಡಂಕ ಕೊಟ್ಟೀವಲ್ಲ, ಈಗ ಬಾಣಂತನಕ್ಕ ಬರ್ಲಿಕತ್ತಾಳ. ಅಪ್ಪಾ, ಇದಕ್ಕೊಂದು ದೊಡ್ಡ ಮನಿ ಕಟ್ಟು ಅಂತ ಎಷ್ಟು ವರ್ಷ ಬಡ್ಕೊಂಡ್ಳು ಪಾಪ. ಮಂದಿ ಮನಿ ಕಟ್ಟೂದ್ರಾಗ ನನಗ ಪುರಸತ್ತ ಎಲ್ಲಿ ಇತ್ತು? ಈಗ ಕಟ್ಟಾಂವ ಇದ್ದೀನಿ. ಎಷ್ಟು ದೊಡ್ಡದು ಬೇಕು, ಹೇಳು."

ನಾನು ಭಾಷಣ ಶುರು ಮಾಡಿದೆ. ಮೀನು ಉಣ್ಣುವುದೂ ಹೊರಕಡೆಗೆ ಹೋಗುವುದೂ ಒಂದೇ ನೀರಿನಲ್ಲಿ. ಆ ಹೊಲಸಿನಿಂದ ಅಮೋನಿಯಾ ಹುಟ್ಟಿ ಅದರ ಕಿವಿರನ್ನು ಸುಡುತ್ತದೆ. ನೀರು ಹೆಚ್ಚಿದ್ದರೆ ವಿಷ ತೆಳ್ಳಗಾಗುತ್ತದೆ. ಫಿಲ್ಟರ್ ಇದ್ದರೆ ಅದರಲ್ಲಿ ಬೆಳೆದ ಬ್ಯಾಕ್ಟೀರಿಯಾ ಆ ವಿಷವನ್ನೇ ತಿಂದುಹಾಕುತ್ತವೆ. ಬೌಲಿನಲ್ಲಿ ನೀರೂ ಇಲ್ಲ, ಫಿಲ್ಟರೂ ಇಲ್ಲ.

"ಕಾಕಾ, ವಾಡಿ ಜಂಕ್ಷನ್‌ದಾಗ ಜನರಲ್ ಡಬ್ಬಿ ಹತ್ತೀರೇನ್ರಿ? ಅದರ ಸಂಡಾಸದಾಗ ಹುಟ್ಟಿದಾಗಿಂದ ನಿಂತಂಗ ಅದ ನೋಡ್ರಿ ಇದರ ಬಾಳೆ."

ಈ ಮಾತಿಗೆ ಕಲ್ಲೂ ನಗುತ್ತದೆ. ಕಾಕಾ ನಗಲಿಲ್ಲ. ಬೌಲಿನೊಳಗೆ ನೋಡುತ್ತಾ, "ಇಷ್ಟು ತ್ರಾಸ ಇತ್ತೇನೋ ಇದಕ್ಕ," ಎಂದರು.

ಒಳಗಿನಿಂದ ಮಾಮಾ ಬಂದು ಹೇಳಿದ: "ಹೊಂಡ ಕಟ್ರಿ ಭೀಮಣ್ಣ. ಆದ್ರ ಮೀನ ಲಗೂನ ಬಿಡಬ್ಯಾಡ್ರಿ. ನೀರು ತುಂಬೂದು, ಚೆಲ್ಲೂದು, ಮತ್ತ ತುಂಬೂದು. ಹಿಂಗ ಒಂದು ತಿಂಗಳರೆ ನಡೀಲಿ. ನಾವು ಬಂದು ನೀರು ನೋಡ್ತೀವಿ, ಆಮ್ಯಾಲ ಬಿಡೂಣು."

"ಸಿಮೆಂಟಿನ ಪಾಠ ನನಗ ಹೇಳ್ತಿಯೇನೋ ತಮ್ಮಾ?" ಎಂದು ಕಾಕಾ ಆಗ ನಕ್ಕರು.

ಹೊಂಡ ಮಾತ್ರ ನಿಜಾಮರೂ ಬಂದು ಕಾಲು ಇಳಿಬಿಟ್ಟು ಕೂರುವಂತಿತ್ತು. ಅಂಗಳದ ನಡುವೆ ಆರು ಫೂಟು ಉದ್ದ, ನಾಲ್ಕು ಫೂಟು ಅಗಲ. ಸುತ್ತಲೂ ಪಾಲಿಶ್ ಮಾಡಿದ ಶಹಾಬಾದ ಕಲ್ಲು. ಒಳಗೆ ಎಷ್ಟು ನುಣುಪಾದ ಸಿಮೆಂಟಿನ ಗಿಲಾವು ಎಂದರೆ, ನೊಣ ಕೂತರೂ ಜಾರಿ ಸೊಂಟ ಮುರಿದುಕೊಳ್ಳಬೇಕು.

ಅಷ್ಟರಲ್ಲಿ ಸಾವಿತ್ರಕ್ಕನ ಡಾಕ್ಟರು, ಬೇಗ ತವರಿಗೆ ಹೋಗಿಬಿಡು ಎಂದರು. ಅವಳು ಅಂದುಕೊಂಡದ್ದಕ್ಕಿಂತ ಮೊದಲೇ ಬಂದಳು. ಮರುದಿನ ಬೆಳಿಗ್ಗೆ ಕಾಕಾ ಫೋನ್ ಮಾಡಿದರು.

"ತಮ್ಮಾ, ಕೆಂಪ್ಯಾ ಮಗ್ಗಲಾಗ್ಯಾನ. ಲಗೂ ಬಾರೋ."

ನನ್ನ ಸೈಕಲ್ ಅಂದು ಉದ್ಯಾನ್ ಎಕ್ಸ್‌ಪ್ರೆಸ್ಸನ್ನು ಹಿಂದೆ ಹಾಕಿತು. ಹೋಗಿ ನೋಡಿದರೆ, ತುಂಬಿದ ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು ಸಾವಿತ್ರಕ್ಕ ಹೊಂಡದ ಅಂಚಿಗೆ ಕೂತಿದ್ದಳು. ಅಷ್ಟು ದೊಡ್ಡ ನೀರಿನಲ್ಲಿ ಕೆಂಪ್ಯಾ ಒಂದು ಮೂಲೆ ಹಿಡಿದು ತೇಲುತ್ತಿತ್ತು. ಮೈಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಪಿಎಚ್ ಎಂದರೆ ನೀರು ಹುಳಿಯೋ ಸುಣ್ಣವೋ ಎಂದು ಹೇಳುವ ಅಂಕಿ. ಏಳು ಅಂದರೆ ನಡುವೆ. ಎಂಟರ ಆಸುಪಾಸಿನ ತನಕ ಗೋಲ್ಡ್ ಫಿಶ್ ತಾಳಿಕೊಳ್ಳುತ್ತದೆ. ಶೀಶೆಯಲ್ಲಿ ಹೊಂಡದ ನೀರು ತೆಗೆದು ಔಷಧದ ಹನಿ ಹಾಕಿದೆ. ನಮ್ಮ ಬಣ್ಣದ ಚೀಟಿಯ ಕೊನೆಯ ನೇರಳೆಯನ್ನೂ ಮೀರಿ ನೀರು ಕಪ್ಪಾಯಿತು.

"ಕಾಕಾ, ನೀರು ಚೆಲ್ಲಿ ತುಂಬ್ಸಿದ್ರೇನ್ರಿ?"

"ಇಲ್ಲೋ. ಕ್ಯೂರಿಂಗ್‌ಕ ಹ್ಯಾಂಗೂ ನೀರು ನಿಲ್ಲಸ್ಬೇಕಲ್ಲ. ಸುಮ್ಮ ಖಾಲಿ ಯಾಕ ನಿಲ್ಲಬೇಕು? ಮಗಳು ಬಂದ ಕೂಡ್ಲೆ ನೋಡ್ಲಿ ಅಂತ ಬಿಟ್ಟೆ."

ಹೊಸ ಸಿಮೆಂಟಿಗೆ ನೀರು ಕುಡಿಸಬೇಕೆಂಬುದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಸುತ್ತಲೂ ಇರುವುದೇ ಸಿಮೆಂಟ್ ಕಾರ್ಖಾನೆಗಳು. ಆದರೆ ಕುಡಿಯುವ ಸಿಮೆಂಟು ಆ ನೀರಿಗೆ ಸುಣ್ಣವನ್ನೂ ಬಿಡುತ್ತದೆ. ಗೋಡೆಗೆ ಅದರಿಂದ ಏನೂ ಆಗುವುದಿಲ್ಲ.

"ಬೌಲಿನ ಹಳೇ ನೀರು ಎಲ್ಲಿ?"

"ಕರಿಬೇವಿಗಿ ಹಾಕ್ದೆ."

ಮಾಮಾ ಸ್ಕೂಟರ್ ಮೇಲೆ ಅಂಗಡಿಯ ಟ್ಯಾಂಕಿನ ನೀರು ತಂದ. ಬಕೆಟ್ಟಿಗೆ ಗಾಳಿಯ ಪಂಪು ಹಚ್ಚಿ ಕೆಂಪ್ಯಾನನ್ನು ಅದಕ್ಕೆ ಬಿಟ್ಟೆವು. ಸಾವಿತ್ರಕ್ಕನ ಮುಖ ನೋಡಲಾಗದೆ ನಾನು ಬಾಯಿಗೆ ಬಂದದ್ದನ್ನು ಹೇಳಿದೆ. ತಿಮಿಂಗಿಲಕ್ಕೆ ಇಂಜೆಕ್ಷನ್ ಕೊಟ್ಟದ್ದು, ಚಿತ್ತಾಪುರದ ಮೊಸಳೆಗೆ ಹಲ್ಲು ಕಟ್ಟಿಸಿದ್ದು.

"ಸಾಕು ಬಿಡೋ ತಮ್ಮಾ," ಎಂದಳು ಅವಳು. "ಅದರ ಕಿವಿರು ನಿಂತದ."

ನಿಂತಿತ್ತು. ನನಗೆ ಕಾಣಿಸಿರಲಿಲ್ಲ. ಅವಳು ಅದನ್ನೇ ನೋಡುತ್ತಾ ಕೂತಿದ್ದಳು.

ಕಾಕಾ ತಮ್ಮ ಅಂಗೈ ನೋಡಿಕೊಂಡರು. ಸಿಮೆಂಟು ತಿಂದ ಕೈ. ಬೆರಳ ಸಂದಿಯಲ್ಲೆಲ್ಲ ಬಿರುಕು, ಸಿಪ್ಪೆ.

"ದಿನಾ ಸಂಜಿಗಿ ಕೊಬ್ಬರಿ ಎಣ್ಣಿ ಹಚ್ಕೋತೀನಿ," ಎಂದರು. "ಸುಡ್ತದಂತ ನನಗ ಗೊತ್ತಿತ್ತವ್ವಾ. ನನಗ ಕೈಯಷ್ಟೇ. ಅದಕ್ಕ ಪೂರಾ ಮೈ."

ಸಾವಿತ್ರಕ್ಕ ಗೋಡೆ ಹಿಡಿದು ಎದ್ದು, ಒಳಗೆ ಹೋಗಿ ಎಣ್ಣೆಯ ಬಾಟಲಿ ತಂದಳು. "ಕೈ ಕೊಡಪ್ಪಾ," ಎಂದಳು.

ಮೀನಿಗೆ ಜಾಗ ಬೇಕು ಎಂದು ಯಾರಿಗಾದರೂ ಒಂದು ಜೋಕಿನಲ್ಲಿ ತಿಳಿಸಿಬಿಡಬಹುದು. ಜಾಗ ಹದವಾಗುವ ತನಕ ಕಾಯಬೇಕು ಎಂಬುದನ್ನು ತಿಳಿಸುವುದು ಕಷ್ಟ, ಅದರಲ್ಲೂ ಪ್ರೀತಿ ಇದ್ದವರಿಗೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಈಗ ಅಂಗಡಿಗೆ ಬಂದವರನ್ನು ಯಾವ ಮೀನು ಬೇಕೆಂದು ನಾನು ಮೊದಲು ಕೇಳುವುದಿಲ್ಲ. ನೀರು ತುಂಬಿ ಎಷ್ಟು ದಿನವಾಯಿತು ಎಂದು ಕೇಳುತ್ತೇನೆ.

ಸಾವಿತ್ರಕ್ಕ ಮಗಳನ್ನು ಎತ್ತಿಕೊಂಡು ಸೇಡಂಗೆ ಹೋಗಿ ಬಹಳ ದಿನವಾಯಿತು. ಭೀಮಣ್ಣ ಕಾಕಾ ಇಂದಿಗೂ ರವಿವಾರ ಹೊಂಡದ ನೀರನ್ನು ಬಾಟಲಿಯಲ್ಲಿ ತರುತ್ತಾರೆ. ಮಳೆಗಾಲ ಮುಗಿದಾಗಿನಿಂದ ಔಷಧದ ಹನಿ ಹಾಕಿದರೆ ಬಣ್ಣ ಸರಿಯಾಗಿಯೇ ಬರುತ್ತಿದೆ.

"ಈಗ ಹೊಸಾ ಮೀನ ಬಿಡಬಹುದು ಕಾಕಾ, ಖರೇನೇ ಹೇಳಾಕತ್ತೀನಿ," ಎನ್ನುತ್ತೇನೆ.

ಅವರು ಶೀಶೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

"ಇನ್ನೊಂದು ವಾರ ನೋಡೂಣು," ಎನ್ನುತ್ತಾರೆ.