ಜೆಪ್ಪುವಿನಲ್ಲಿ ‘ಆರಾಮಿಲ್ಲ’ ಎಂದರೆ

ಮಾನ್ಯ ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮಂಗಳೂರಿನಲ್ಲಿ ನನ್ನ ಧ್ವನಿಯು ನಾನಿಲ್ಲದ ಮನೆಯಲ್ಲಿಯೂ ಮಾತನಾಡುತ್ತದೆ.

ನನ್ನ ಮಗಳು ರೇಣುಕಾಳಿಗೆ ಹುಟ್ಟಿನಿಂದಲೇ ಸ್ನಾಯುಗಳಲ್ಲಿ ಬಲವಿಲ್ಲ, ಗಾಲಿಕುರ್ಚಿಯಲ್ಲಿರುತ್ತಾಳೆ. ಕಫ ಕಟ್ಟಿದರೆ ಕೂಗುವಷ್ಟು ಉಸಿರೂ ಇರುವುದಿಲ್ಲ. ಅವಳ ಚಿಕಿತ್ಸೆಯ ಸಲುವಾಗಿ ವಿಜಯಪುರ ಜಿಲ್ಲೆಯಿಂದ ಬಂದು ಜೆಪ್ಪುವಿನಲ್ಲಿ ಬಾಡಿಗೆಗೆ ಇದ್ದೇವೆ. ಪತಿಯವರು ಲಾರಿ ಚಾಲಕರಾಗಿದ್ದು, ಹೆಚ್ಚಿನ ದಿನ ಹೊರಗಿರುತ್ತಾರೆ. ಊರಿನಲ್ಲಿ ಕರೆಯದೆಯೇ ನಾಲ್ಕು ಜನ ಒಳಗೆ ಬರುತ್ತಿದ್ದರು. ಇಲ್ಲಿ ಗೇಟು, ಅಂಗಳ, ಮತ್ತೆ ಗೇಟು. ಸುತ್ತಲೂ ತುಳು. ನನ್ನ ಕನ್ನಡಕ್ಕೆ ಇಡೀ ದಿನ ಉತ್ತರಿಸುವವಳು ಮಗಳೊಬ್ಬಳೇ.

ಆಸ್ಪತ್ರೆಯವರು ಅವಳ ಬೆರಳಿಗೆ ಒಂದು ಉಪಕರಣ ನೀಡಿರುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ಅದು ನನಗೂ ಪಕ್ಕದ ಮನೆಯ ಶಾರದಕ್ಕನಿಗೂ ತಾನಾಗಿಯೇ ಫೋನ್ ಮಾಡಿ, ನನ್ನ ಧ್ವನಿಯಲ್ಲಿ ಮುದ್ರಿಸಿದ ವಾಕ್ಯವನ್ನು ಕೇಳಿಸುತ್ತದೆ: “ರೇಣುಕಾಗ ಆರಾಮಿಲ್ರಿ.” ಆಮ್ಲಜನಕದ ಮಾಸ್ಕ್ ತೊಡಿಸುವುದನ್ನು ಶಾರದಕ್ಕ ಕಲಿತಿದ್ದರು.

ಒಂದು ಮಧ್ಯಾಹ್ನ ಅವರಿಗೆ ತಿಳಿಸಿ, ಔಷಧಿಗೆಂದು ಕಂಕನಾಡಿಗೆ ಹೋಗಿದ್ದಾಗ ಆ ಕರೆ ಮೊದಲ ಬಾರಿಗೆ ಬಂದಿತು. ರಿಕ್ಷಾ ಹಿಡಿದೆನು. ಮಾಸ್ಕ್ ತೊಡಿಸುತ್ತಿರುವ ಶಾರದಕ್ಕನಿಗೆ ತಡೆಯಾದೀತೆಂದು ಅವರಿಗೆ ಫೋನ್ ಮಾಡಲಿಲ್ಲ. ಬಂದು ನೋಡಲಾಗಿ, ಅವರು ತಮ್ಮ ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದರು. ಒಳಗೆ ಮಗಳ ತುಟಿ ನೀಲಿಗಟ್ಟಿತ್ತು. ಮಾಸ್ಕ್ ತೊಡಿಸಿದೆನು. ನನ್ನ ಹಿಂದೆಯೇ ಓಡಿಬಂದ ಶಾರದಕ್ಕ, ತುಟಿಗೆ ಬಣ್ಣ ಮರಳುವವರೆಗೆ ಬಾಗಿಲಲ್ಲೇ ನಿಂತಿದ್ದರು.

“ಫೋನ್ ಬರಲಿಲ್ಲೇನ್ರಿ ಅಕ್ಕಾರ?”

“ಬಂತು ಮಾರಾಯ್ತಿ! ನಿಮ್ಮದೇ ಸ್ವರ, ರೇಣುಕಾಗೆ ಆರಾಮಿಲ್ಲ ಅಂತ ನೀವೇ ಫೋನಲ್ಲಿ ಹೇಳಿದ್ದಲ್ವಾ? ಆರಾಮಿಲ್ಲ ಅಂದ್ರೆ ಪುರುಸೊತ್ತಿಲ್ಲ ಅಂತ ಅಲ್ವಾ? ಅವಳಿಗೆ ಓದ್ಲಿಕ್ಕೆ ಉಂಟು, ಈಗ ಹೋಗುವುದು ಬೇಡ ಅಂತ ಎಣಿಸಿದೆ.”

“ಆರಾಮಿಲ್ಲಂದ್ರ ಜಡ್ಡಾಗೈತಿ ಅಂತ್ರಿ!”

“ಅಯ್ಯೋ ದೇವರೇ! ಅದಕ್ಕೆ ಹುಷಾರಿಲ್ಲ ಅಂತ ಹೇಳ್ಬೇಕಲ್ವಾ? ಎಂತ ಕನ್ನಡ ಮಾರಾಯ್ತಿ ನಿಮ್ಮದು!” ಎಂದು ಗದರಿದವರು ಅಲ್ಲಿಯೇ ಕುಳಿತು ಅತ್ತುಬಿಟ್ಟರು.

ಹುಷಾರಿಲ್ಲ ಎಂದರೆ ನಮ್ಮ ಕಡೆ ಜಾಣೆಯಲ್ಲ ಎಂದರ್ಥವೆಂಬುದು ತಮಗೆ ತಿಳಿದ ವಿಷಯವೇ. ಗಾಲಿಕುರ್ಚಿಯನ್ನು ಕಂಡ ನೆಂಟರು ನನ್ನ ಮಗಳ ಬಗ್ಗೆ ಆಡುತ್ತಿದ್ದ ಮಾತು ಅದೇ. ನಾನು ಅದನ್ನು ಎಂದಿಗೂ ಒಪ್ಪಿರುವುದಿಲ್ಲ.

ಮರುದಿನ ವಾಕ್ಯವನ್ನು ಬದಲಿಸಲು ಕುಳಿತೆನು. ‘ಹುಷಾರಿಲ್ಲ’ ಎಂಬಲ್ಲಿಗೆ ಬಂದಾಗಲೆಲ್ಲ ಮುದ್ರಣವನ್ನು ನಿಲ್ಲಿಸಿದೆನು.

“ಅಂದ್ಬಿಡಬೇ ಅವ್ವಾ,” ಎಂದಳು ಮಗಳು. “ನಾ ಎಷ್ಟ ಶಾಣ್ಯಾಕಿ ಅಂತ ಫೋನಿಗೇನ ತಿಳಿತೈತಿ?”

“ರೇಣುಕಾಗೆ ಹುಷಾರಿಲ್ಲ, ಬೇಗ ಬನ್ನಿ,” ಎಂದು ಮುದ್ರಿಸಿದೆನು.

ಈಗ ಶಾರದಕ್ಕ ದಿನವೂ ಗೇಟಿನಾಚೆಯಿಂದ “ಮಗಳು ಹುಷಾರಿದ್ದಾಳಾ?” ಎಂದು ವಿಚಾರಿಸುತ್ತಾರೆ. “ಬಹಳ ಹುಷಾರಿದ್ದಾಳೆ,” ಎನ್ನುತ್ತೇನೆ. ಅವರಿಗೆ ಅವರ ಊರಿನ ಅರ್ಥ ತಲುಪುತ್ತದೆ. ನಮ್ಮ ಊರಿನ ಅರ್ಥವು ಗೇಟಿನ ಈಚೆ ನನ್ನಲ್ಲಿಯೇ ಉಳಿಯುತ್ತದೆ.