ನಾದಿನಿಗೆ ನೇತಿ ಕಲಿಸಿದ್ದು

ಕೊಯಿಲದಲ್ಲಿರುವ ನನ್ನ ನಾದಿನಿಗೆ ಜಲನೇತಿ ಕಲಿಸಿದವಳು ನಾನೇ. ಅಂಗನವಾಡಿಯಲ್ಲಿ ಕೆಲಸ ಮಾಡುವ ಅವಳಿಗೆ ಬೆಳಗಾದರೆ ಬಿಡದ ಸೀನು. ಮಕ್ಕಳು ಎಣಿಸಿ ನಗುತ್ತಿದ್ದರಂತೆ. ಕುಂಬ್ರದಲ್ಲಿ ನಾನು ನಡೆಸುವ ಯೋಗ ತರಗತಿಗೆ ಒಂದು ಭಾನುವಾರ ಬಂದಳು. ನೀರು ಕುದಿಸಿ, ಉಗುರುಬೆಚ್ಚಗೆ ಆರಿಸಿ, ಅರ್ಧ ಲೀಟರಿಗೆ ಅರ್ಧ ಚಮಚ ಉಪ್ಪು ಹಾಕಿ ತೋರಿಸಿದೆ. ತಲೆ ವಾಲಿಸಿ, ಬಾಯಿಯಲ್ಲಿ ಉಸಿರಾಡು ಎಂದೆ. ಒಂದು ಹೊಳ್ಳೆಗೆ ಹೊಯ್ದ ನೀರು ಇನ್ನೊಂದರಿಂದ ಇಳಿದಾಗ ಅವಳಿಗೆ ಆಶ್ಚರ್ಯ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು. ಮೂಗಿನಲ್ಲಿ ಉಳಿದ ನೀರನ್ನು ಹೇಗೆ ಹೊರಹಾಕಬೇಕೆಂದು ಅವಸರದಲ್ಲಿ ಹೇಳಿದೆನೋ, ಹೇಳಲೇ ಇಲ್ಲವೋ, ಈಗಲೂ ನೆನಪಾಗುವುದಿಲ್ಲ.

ಮೂರು ವಾರ ಕಳೆದು ಅವಳ ಗಂಡ ಫೋನ್ ಮಾಡಿದರು. "ಅಕ್ಕ, ಇವಳಿಗೆ ಎರಡು ದಿನದಿಂದ ಜ್ವರ. ತಲೆ ಒಡೆದು ಹೋಗ್ತದೆ ಅಂತಾಳೆ."

ನೀರಿನಿಂದ ಮೂಗಿಗೆ, ಮೂಗಿನಿಂದ ಮೆದುಳಿಗೆ ಹೋಗುವ ಅಮೀಬಾದ ಸುದ್ದಿ ಕೇರಳದಿಂದ ಬಂದು ಆಗ ಎಲ್ಲರ ಮೊಬೈಲಿನಲ್ಲೂ ಇತ್ತು. ಫೋನ್ ಅವಳಿಗೆ ಕೊಡಲು ಹೇಳಿದೆ.

"ನೀರು ಕುದಿಸಿಯೇ ಮಾಡಿದ್ದಲ್ವಾ?"

"ಮೊದಲು ಕುದಿಸ್ತಿದ್ದೆ ಅತ್ತಿಗೆ. ಬೆಳಿಗ್ಗೆ ಪುರುಸೊತ್ತು ಎಲ್ಲಿ ಉಂಟು? ಮತ್ತೆ ಟ್ಯಾಂಕಿನ ನೀರನ್ನೇ ಸ್ವಲ್ಪ ಬೆಚ್ಚಗೆ ಮಾಡುದು."

ಈಗಲೇ ಆಸ್ಪತ್ರೆಗೆ ಹೊರಡಿ ಎಂದು ಹೇಳಿ ನಾನೂ ಹೊರಟೆ.

ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರಿಗೆ ನಾನೇ ಹೇಳಿದೆ. "ನೇತಿ ಮಾಡ್ತಿದ್ದಳು. ನಾನು ಕಲಿಸಿದ್ದು. ನೀರು ಕುದಿಸಿರಲಿಲ್ಲ."

"ಪರೀಕ್ಷೆ ಆಗದೆ ಎಂತದೂ ಹೇಳ್ಲಿಕ್ಕೆ ಆಗುದಿಲ್ಲ" ಎಂದು ಅವರು ಅವಳನ್ನು ದಾಖಲಿಸಿಕೊಂಡರು. ಎರಡು ಹಗಲು ಬೆಂಚಿನ ಮೇಲೆ ಕೂತೆ. ಅವಳ ಗಂಡ ನನಗೂ ಚಹಾ ತಂದುಕೊಟ್ಟು ಆಚೆಯ ಬೆಂಚಿಗೆ ಹೋಗಿ ಕೂತರು.

ಮೂರನೆಯ ದಿನ ಡಾಕ್ಟರು, ನಾನು ಹೆದರಿದ ಅಮೀಬಾ ಅಲ್ಲ ಎಂದರು. ಕಿವಿಯ ಒಳಗೆ ಕೀವು ತುಂಬಿತ್ತು.

"ನೀರು ಹೊರಗೆ ಬರ್ಲಿಕ್ಕೆ ಮೂಗು ಒತ್ತಿ ಹಿಡಿದು ಜೋರಾಗಿ ಊದಿದ್ರಾ?"

ಅವಳು ಹೌದೆಂದು ತಲೆಯಾಡಿಸಿದಳು. "ಹಾಗೆ ಊದಿದ್ರೆ ಮೂಗಿನ ನೀರು ಕಿವಿಗೆ ನುಗ್ತದೆ" ಎಂದರು ಡಾಕ್ಟರು. ನಾನು ಕಿಟಕಿಯ ಕಡೆ ನೋಡಿದೆ.

ಈಗ ನೇತಿ ಕಲಿಯಲು ಬಂದವರಿಗೆ ಮೊದಲು ಬಗ್ಗಿ ನಿಲ್ಲುವುದನ್ನು, ಎರಡೂ ಹೊಳ್ಳೆ ತೆರೆದಿಟ್ಟು ಮೆಲ್ಲಗೆ ಉಸಿರು ಬಿಡುವುದನ್ನು ಮಾಡಿಸುತ್ತೇನೆ. ನೀರಿನ ಪಾತ್ರೆ ಕೊಡುವುದು ಆಮೇಲೆ. ಕಿವಿನೋವು, ಕಟ್ಟಿದ ಮೂಗು ಇದ್ದವರನ್ನು ವಾಪಸು ಕಳಿಸುತ್ತೇನೆ.

ನಾದಿನಿ ಗುಣವಾದಳು, ಆದರೆ ಎಡಗಿವಿ ಇನ್ನೂ ಸ್ವಲ್ಪ ಮಂದ. ಅವಳು ನನ್ನನ್ನು ದೂರಿಲ್ಲ. ಅವಳ ಗಂಡ ಮಾತ್ರ, ನಾನು ಹೋದಾಗ ಕುರ್ಚಿ ಎಳೆದುಕೊಟ್ಟು ದನದ ಹಟ್ಟಿಯ ಕಡೆಗೆ ನಡೆದುಬಿಡುತ್ತಾರೆ.